ಬಾಗಿಲ ಸಂದಿಯ ಸೀರೆ

ತೀರ್ಥಹಳ್ಳಿ
ಡಿಸೆಂಬರ್ 4

ಪುಟ್ಟಿ,

ನಿನ್ನ ಪತ್ರ ಮೂರು ಸಲ ಓದಿದೆ. ನಿನ್ನೆ ಸಂಜೆ ಫೋನಿನಲ್ಲೂ ಹೇಳಿದೆ. ನೀನು "ಆಯ್ತು ದೊಡ್ಡಮ್ಮ, ಆಯ್ತು" ಅಂದೆ. ಆ ಕಡೆ ಕುಕ್ಕರ್ ಕೂಗುತ್ತಿತ್ತು, ಪಾಪು ಅಳುತ್ತಿತ್ತು. ನನ್ನ ಮಾತು ನಿನ್ನ ಕಿವಿಗೆ ಬಿತ್ತೋ ಇಲ್ಲವೋ ಅಂತ ರಾತ್ರಿಯೆಲ್ಲ ಹೊರಳಾಡಿದೆ. ಅದಕ್ಕೇ ಬರೆಯಲು ಕೂತೆ. ಹಾಳೆಗಳ ಫೋಟೋ ತೆಗೆದು ಮೊಮ್ಮಗ ನಿನಗೆ ಕಳಿಸುತ್ತಾನೆ. ಅಕ್ಷರ ಸ್ವಲ್ಪ ಅಲುಗಿದೆ. ನಿಧಾನವಾಗಿ ಓದು.

ದಿಲ್ಲಿಯಲ್ಲಿ ಮನೆ ಬದಲಾಯಿಸಿದ್ದು, ಅಳಿಯಂದಿರ ಕೆಲಸದ ತಾಪತ್ರಯ, ಎಲ್ಲ ನಿಮ್ಮ ಅಮ್ಮ ಹೇಳಿದ್ದಾಳೆ. ಅದರ ಬಗ್ಗೆ ನಾನೇನೂ ಬರೆಯುವುದಿಲ್ಲ. ನನ್ನ ಕಣ್ಣು ನಿಂತಿದ್ದು ಎರಡನೇ ಪುಟದಲ್ಲಿ. "ಓನರ್ ಆಂಟಿ ಅಂಗೀಠಿ ಅನ್ನುವ ಒಂದು ಇದ್ದಿಲ ಒಲೆ ಕೊಟ್ಟಿದ್ದಾರೆ, ರಾತ್ರಿ ಕೆಂಡ ಹಾಕಿ ಕೋಣೆಯಲ್ಲೇ ಇಟ್ಟುಕೊಳ್ಳುತ್ತೇವೆ, ಬಾಗಿಲ ಸಂದಿಗೆ ಹಳೇ ಸೀರೆ ತುರುಕಿದ್ದೇನೆ, ಈಗ ಪಾಪು ಬೆಳಗ್ಗೆ ಎಂಟರವರೆಗೂ ಏಳುವುದಿಲ್ಲ" ಅಂತ ಬರೆದಿದ್ದೀಯ. ಖರ್ಚಿಲ್ಲದೆ ಒಂದು ದಾರಿ ಸಿಕ್ಕಿತು ಅನ್ನುವ ಖುಷಿ ಅದರಲ್ಲಿ ಕಾಣುತ್ತದೆ. ಅದರ ಕೆಳಗೇ ಇನ್ನೊಂದು ಸಾಲು. "ನಮ್ಮಿಬ್ಬರಿಗೂ ಎದ್ದಾಗ ತಲೆ ಭಾರ, ಮಧ್ಯಾಹ್ನದ ಹೊತ್ತಿಗೆ ಸರಿಯಾಗುತ್ತದೆ, ಇಲ್ಲಿಯ ಚಳಿ ಒಗ್ಗಿಲ್ಲ ಅಂತ ಕಾಣುತ್ತದೆ."

ಆ ತಲೆ ಭಾರ ಕೆಂಡದ್ದು ಪುಟ್ಟಿ. ಅಂಗೀಠಿ ಇವತ್ತೇ ಕೋಣೆಯಿಂದ ಹೊರಗೆ ಹೋಗಬೇಕು. ಇದೊಂದು ಮಾಡಿದರೆ ಮುಂದಿನದನ್ನು ನೀನು ಓದದೇ ಇದ್ದರೂ ನನಗೆ ಬೇಜಾರಿಲ್ಲ.

ನಾವೆಲ್ಲ ಒಲೆ ಮುಂದೆಯೇ ಬೆಳೆದವರಲ್ವಾ, ಕೆಂಡಕ್ಕೆ ಯಾಕೆ ಇಷ್ಟು ಹೆದರುತ್ತಾಳೆ ದೊಡ್ಡಮ್ಮ ಅಂತ ನಿನಗೆ ಅನ್ನಿಸಬಹುದು. ನೀನು ಹುಟ್ಟಿದಾಗ ಬಾಣಂತಿ ಕೋಣೆಯಲ್ಲಿ ಮಂಚದ ಪಕ್ಕ ಕೆಂಡ ತಂದಿಟ್ಟವಳೂ ನಾನೇ. ಮಳೆಗಾಲದಲ್ಲಿ ಬಚ್ಚಲ ಒಲೆ ಆರುತ್ತಲೇ ಇರಲಿಲ್ಲ. ಅದರ ಮೇಲೆ ಹಗ್ಗ ಕಟ್ಟಿ ನಿನ್ನ ಬಟ್ಟೆ ಒಣಗಿಸುತ್ತಿದ್ದೆವು. ಆದರೆ ಅದು ಹಂಚಿನ ಮನೆ. ಮಧ್ಯಾಹ್ನ ಹಂಚಿನ ಸಂದಿಯಿಂದ ಬಿಸಿಲುಕೋಲು ಇಳಿಯುತ್ತಿದ್ದದ್ದು ನಿನಗೆ ನೆನಪಿದೆಯಾ? ನೀನು ಅದನ್ನು ಹಿಡಿಯಲು ಹೋಗುತ್ತಿದ್ದೆ. ಬಿಸಿಲು ಇಳಿಯುವ ದಾರಿಯಲ್ಲೇ ಹೊಗೆ ಹೊರಗೆ ಹೋಗುತ್ತಿತ್ತು. ಈಗ ನೀವಿರುವುದು ತಾರಸಿ ಮೇಲಿನ ಸಿಮೆಂಟಿನ ಕೋಣೆ. ಒಂದು ಬಾಗಿಲು, ಒಂದು ಕಿಟಕಿ. ಇದ್ದ ಒಂದು ಸಂದಿಗೂ ಸೀರೆ.

ಹೊಗೆಯಾದರೆ ಕಣ್ಣುರಿ ಬರುತ್ತದೆ, ಕೆಮ್ಮಿ ಎದ್ದು ಬಾಗಿಲು ತೆಗೆಯುತ್ತೇವೆ. ಇದ್ದಿಲು ನಿಗಿನಿಗಿ ಕೆಂಪಗಾದಾಗ ಹೊಗೆಯೇ ಇರುವುದಿಲ್ಲ. ನಾವು ಇನ್ನು ಒಳಗಿಡಬಹುದು ಅಂದುಕೊಳ್ಳುತ್ತೇವೆ. ಆಗಲೂ ಅದರಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತಲೇ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಆ ಗಾಳಿಯನ್ನು ಹಿಡಿದುಕೊಳ್ಳುತ್ತದೆ. ಉಸಿರಾಡುತ್ತಲೇ ಇರುತ್ತೇವೆ, ಮೈಗೆ ಬೇಕಾದದ್ದು ಸೇರುವುದಿಲ್ಲ. ತಲೆನೋವು, ಹೊಟ್ಟೆ ತೊಳಸುವುದು, ಮಂಪರು. ಎಚ್ಚರ ಇದ್ದವರಿಗೆ ಏನೋ ಆಗುತ್ತಿದೆ ಅಂತ ಗೊತ್ತಾಗಬಹುದು. ಮಲಗಿದವರಿಗೆ ಗೊತ್ತಾಗುವುದಿಲ್ಲ.

ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟರೆ ಏನೂ ಆಗುವುದಿಲ್ಲ ಅಂತ ಆಂಟಿ ಹೇಳಿದ್ದಾರೆ ಅಂದೆಯಲ್ಲ. ನನಗೂ ದಿಲ್ಲಿಯ ಕರೋಲ್ ಬಾಗಿನಲ್ಲಿದ್ದಾಗ ಇದನ್ನೇ ಹೇಳಿದ್ದರು. ನಂಬಿದ್ದೆ. ನೀರು ಆ ಗಾಳಿಯನ್ನು ಹೀರಿಕೊಳ್ಳುವುದಿಲ್ಲ ಪುಟ್ಟಿ. ಅವರು ಒಳ್ಳೇ ಮನಸ್ಸಿನಿಂದಲೇ ಹೇಳಿರುತ್ತಾರೆ. ನಾನೂ ಒಳ್ಳೇ ಮನಸ್ಸಿನಿಂದಲೇ ಒಂದು ಕೆಲಸ ಮಾಡಿದ್ದೆ. ಅದನ್ನು ಬರೆಯಬೇಕೋ ಬೇಡವೋ ಅಂತ ಬೆಳಗ್ಗೆಯಿಂದ ಯೋಚನೆ ಮಾಡುತ್ತಿದ್ದೇನೆ. ನಿಮ್ಮ ಅಮ್ಮನಿಗೂ ಇದು ಗೊತ್ತಿಲ್ಲ.

ಏಷ್ಯನ್ ಗೇಮ್ಸ್ ಆದ ವರ್ಷದ ಚಳಿಗಾಲ ಅದು. 1983ರ ಜನವರಿ. ನಮ್ಮದೂ ನಿನ್ನಂತೆಯೇ ತಾರಸಿ ಮೇಲಿನ ಒಂದು ಕೋಣೆ, ಬರ್ಸಾತಿ ಅನ್ನುತ್ತಾರಲ್ಲ, ಅದು. ಕೆಳಗೆ ಮೆಟ್ಟಿಲ ಬುಡದ ಗೂಡಿನಂಥ ಕೋಣೆಯಲ್ಲಿ ಇಸ್ತ್ರಿಯವರ ಹುಡುಗ ಒಬ್ಬ ಮಲಗುತ್ತಿದ್ದ. ಹದಿನೈದೋ ಹದಿನಾರೋ ವಯಸ್ಸು. ನಿಮ್ಮ ದೊಡ್ಡಪ್ಪನ ಆಫೀಸಿನ ಶರ್ಟಿನ ಕಾಲರ್ ಅವನಷ್ಟು ಚೆನ್ನಾಗಿ ಯಾರೂ ಮಾಡುತ್ತಿರಲಿಲ್ಲ. ಇದ್ದಿಲು ಊದುವಾಗ ಬೂದಿ ಹಾರುತ್ತದೆ ಅಂತ ಇಸ್ತ್ರಿಪೆಟ್ಟಿಗೆಯನ್ನು ಆ ಕಡೆ ತಿರುಗಿಸಿಕೊಂಡು, ಬಟ್ಟೆಗೆ ಬೆನ್ನು ಹಾಕಿ ಊದುತ್ತಿದ್ದ.

ಒಂದು ಸಂಜೆ ನೋಡಿದರೆ ಅವನ ತುಟಿ ನೀಲಿಗಟ್ಟಿತ್ತು. ಮೈಮೇಲೆ ತೆಳ್ಳಗಿನ ಒಂದು ಶಾಲು. ನನ್ನ ಟ್ರಂಕಿನಲ್ಲಿ ಊರಿನ ಕರೀ ಕಂಬಳಿ ಇತ್ತು. ನಾನು ದಿಲ್ಲಿಗೆ ಹೊರಟಾಗ ನಿಮ್ಮ ಅಜ್ಜಿ ಮಡಚಿ ಇಟ್ಟುಕೊಟ್ಟಿದ್ದು. ನೆಂಟರು ಬಂದರೆ ಬೇಕಾಗುತ್ತದೆ ಅಂತ ಬಿಡಿಸಿಯೇ ಇರಲಿಲ್ಲ. ಅದನ್ನು ಕೊಡಲು ಮನಸ್ಸು ಬರಲಿಲ್ಲ. ಬೇರೆ ಕೊಂಡು ಕೊಡೋಣ ಅಂದರೆ ತಿಂಗಳ ಕೊನೆ. ತಾರಸಿಯಲ್ಲಿ ಅಡುಗೆ ಮುಗಿದ ಮೇಲೆ ಅಂಗೀಠಿಯಲ್ಲಿ ಇನ್ನೂ ಕೆಂಡ ಉಳಿದಿತ್ತು. ಹಳೇ ಬಕೆಟ್ಟಿನ ಒಳಗೆ ಮಣ್ಣು ಮೆತ್ತಿ, ನಡುವೆ ಕಬ್ಬಿಣದ ಸರಳು ಹಾಕಿ ಮಾಡಿದ್ದು. ಅದನ್ನೇ ಬಟ್ಟೆ ಸುತ್ತಿ ಹಿಡಿದುಕೊಂಡು ಇಳಿದು ಹೋಗಿ ಕೊಟ್ಟೆ. ನನಗೆ ಬರುತ್ತಿದ್ದ ಅಷ್ಟಿಷ್ಟು ಹಿಂದಿಯಲ್ಲಿ "ದರ್ವಾಜಾ ಠೀಕ್ ಸೇ ಬಂದ್ ಕರ್‌ನಾ" ಅಂದೆ. ಬಾಗಿಲು ಸರಿಯಾಗಿ ಹಾಕ್ಕೋ ಅಂತ. ಅವನು ನಕ್ಕ.

ಬೆಳಗ್ಗೆ ಮಂಜು ಕವಿದಿತ್ತು. ಹಾಲು ತರಲು ಹೋಗುವಾಗ ಅವನ ಬಾಗಿಲು ಹಾಕಿತ್ತು. ಬರುವಾಗಲೂ ಹಾಕಿತ್ತು. ಪಾಪ, ಇವತ್ತಾದರೂ ಬೆಚ್ಚಗೆ ಮಲಗಿದ್ದಾನೆ ಅಂದುಕೊಂಡೆ. ಒಂಬತ್ತು ಗಂಟೆಗೆ ಅವನ ಚಿಕ್ಕಪ್ಪ ಬಂದು ಬಾಗಿಲು ಒಡೆದರು. ಮಗ್ಗುಲಾಗಿ ಮಲಗಿದ್ದ. ಮುಖ ಕೆಂಪಗಿತ್ತು, ಆರೋಗ್ಯವಾಗಿ ಇದ್ದವರ ಹಾಗೆ. ಕಾಲ ಹತ್ತಿರ ಇಸ್ತ್ರಿ ಆದ ಬಟ್ಟೆಯ ಗಂಟು. ಎಲ್ಲಕ್ಕಿಂತ ಮೇಲೆ ನಮ್ಮ ಮನೆಯ ಶರ್ಟು.

ಅಂಗೀಠಿ ಯಾರದು ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಬೇಕಿತ್ತು. ನಿಮ್ಮ ದೊಡ್ಡಪ್ಪನಿಗೆ ಮಾತ್ರ ಗೊತ್ತಿತ್ತು, ಅವರೂ ಹೋದರು. ಈ ಹಾಳೆಯ ಫೋಟೋ ತೆಗೆಯುವಾಗ ಮೊಮ್ಮಗ ಓದುತ್ತಾನೇನೋ. ಓದಲಿ.

ಈಗ ನೀನು "ಎಂಟರವರೆಗೂ ಏಳುವುದಿಲ್ಲ" ಅಂತ ಬರೆದರೆ ನನಗೆ ಹೇಗಾಗಿರಬೇಕು ಹೇಳು. ಏಳು ತಿಂಗಳ ಕೂಸು. ನಮಗಿಂತ ಬೇಗ ಬೇಗ ಉಸಿರಾಡುತ್ತದೆ. ಅಂಥ ಗಾಳಿ ಅದಕ್ಕೆ ನಮಗಿಂತ ಬೇಗ ತಾಗುತ್ತದೆ. ಒಂದು ಸಲ ಡಾಕ್ಟರ ಹತ್ತಿರ ಮೂವರೂ ಹೋಗಿ ಬನ್ನಿ. ಹೋದಾಗ ತಲೆನೋವು ಅಂತ ಮಾತ್ರ ಹೇಳಬೇಡ, ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗುತ್ತಿದ್ದೆವು ಅಂತ ಬಾಯಿಬಿಟ್ಟು ಹೇಳು. ಹೇಳದಿದ್ದರೆ ಅವರು ನೆಗಡಿ ಜ್ವರ ಅಂದುಕೊಳ್ಳಬಹುದು. ಅಂಗೀಠಿ ಹೊರಗೆ ಹೋದ ಮೇಲೂ ತಲೆ ಭಾರ ಬಂದರೆ, ಪಾಪು ಎಬ್ಬಿಸಿದರೂ ಮಂಕಾಗಿದ್ದರೆ, ಮೊದಲು ಮೂವರೂ ತಾರಸಿಗೆ ಬನ್ನಿ. ಆಮೇಲೆ ತಡ ಮಾಡದೆ ಆಸ್ಪತ್ರೆಗೆ.

ಹಾಗಾದರೆ ಚಳಿಗೆ ಏನು ಮಾಡಲಿ ಅಂತ ಕೇಳುತ್ತೀಯ. ಕೇಳಬೇಕಾದ್ದೇ. ಸಂಕ್ರಾಂತಿ ಹೊತ್ತಿಗೆ ಅಲ್ಲಿ ರಾತ್ರಿ 4 ಡಿಗ್ರಿಗೂ ಇಳಿಯುತ್ತದೆ, ಇನ್ನೂ ನಿಜವಾದ ಚಳಿ ಬಂದಿಲ್ಲ. ನಾನು ದಿಲ್ಲಿ ಬಿಟ್ಟು ಮೂವತ್ತು ವರ್ಷದ ಮೇಲಾಯಿತು. ನಾನು ಹೇಳುವುದರಲ್ಲಿ ಅರ್ಧ ಈಗ ನಡೆಯುತ್ತದೋ ಇಲ್ಲವೋ. ತೋಚಿದ್ದು ಬರೆಯುತ್ತೇನೆ, ಆಗುವುದನ್ನು ಮಾಡು.

ಚಳಿ ಮೇಲಿನಿಂದ ಬರುತ್ತದೆ ಅಂತ ನಾವು ಹೊದೆಯುತ್ತಾ ಹೋಗುತ್ತೇವೆ. ತಾರಸಿ ಕೋಣೆಯಲ್ಲಿ ಕೆಳಗಿನಿಂದಲೂ ಏರುತ್ತದೆ. ಹಾಸಿಗೆ ನೆಲದ ಮೇಲಿದ್ದರೆ ಅದರಡಿ ಗೋಣಿಚೀಲ, ಅದರ ಮೇಲೆ ನಾಲ್ಕು ಪದರ ಪೇಪರ್ ಹಾಸು. ಕಾಸಿನ ಖರ್ಚಿಲ್ಲ. ರಜಾಯಿ ಹೊಸದು ಬೇಡ. ಯಾರಾದರೂ ಹಳೇದು ಕೊಟ್ಟರೆ ನಾಚಿಕೆ ಪಡದೆ ತೆಗೆದುಕೋ. ಹತ್ತಿ ಗಂಟುಗಂಟಾಗಿದ್ದರೆ ಹಿಂಜಿಸಿ ತುಂಬಿಸಿಕೊಡುತ್ತಾರೆ, ಬಿಲ್ಲಿನಂಥ ಸಾಧನ ಹೊತ್ತುಕೊಂಡು ನಮ್ಮ ಗಲ್ಲಿಗೆ ಬರುತ್ತಿದ್ದರು, ಈಗ ಅಂಗಡಿಯಲ್ಲಿ ಮಷಿನ್ ಇರುತ್ತದೆ. ದಿನಾ ಹತ್ತು ಗಂಟೆಗೆ ಅದನ್ನು ತಾರಸಿ ಗೋಡೆ ಮೇಲೆ ಹರವು. ಬಿಸಿಲು ಇಳಿಯುವ ಮೊದಲೇ ಮಡಚಿ ಒಳಗೆ ತಾ. ಮೇಲಿನ ಮನೆಯವರಿಗೆ ಇರುವ ಒಂದೇ ಸುಖ ಆ ಬಿಸಿಲು. ಪಾಪುಗೆ ಎಣ್ಣೆ ಹಚ್ಚುವುದೂ ಅಲ್ಲೇ.

ಸ್ವೆಟರ್ ಅಂಗಡಿಯ ಟಿಬೆಟನ್ನರ ಹತ್ತಿರ ಒಮ್ಮೆ ವಿಚಾರಿಸು. ನಾನಿದ್ದಾಗ ಕೆಂಪುಕೋಟೆ ಕಡೆ ಒಬ್ಬ ಹೆಂಗಸು, ನಾನು ನಿಮ್ಮ ದೊಡ್ಡಪ್ಪನಿಗೆ "ಜಾಸ್ತಿ ಹೇಳ್ತಾಳೆ, ಬನ್ನಿ" ಅಂದದ್ದು ಕೇಳಿ, "ಇಲ್ಲ ಅಕ್ಕ, ಸರಿಯಾಗೇ ಹೇಳಿದ್ದೀನಿ" ಅಂದಳು. ನಮ್ಮ ಕಡೆಯ ಮುಂಡಗೋಡಿನ ಟಿಬೆಟನ್ ಕ್ಯಾಂಪಿನವಳು. ಪ್ರತಿ ಚಳಿಗಾಲಕ್ಕೆ ಮಾರಲು ಬರುತ್ತಿದ್ದಳಂತೆ. ಅಷ್ಟು ದೂರದಲ್ಲಿ ನಮ್ಮ ಮಾತು ಕೇಳಿ ನನಗೆ ಗಂಟಲು ಕಟ್ಟಿತು. ಚೌಕಾಸಿ ಮಾಡುವುದನ್ನೇ ಬಿಟ್ಟೆ.

ಪಾಪುಗೆ ಒಂದು ದಪ್ಪ ಬಟ್ಟೆಗಿಂತ ಮೂರು ತೆಳ್ಳಗಿನವು ಮೇಲು. ಒಳಗೆ ಹತ್ತಿಯದು ಇರಲಿ. ಕೈ ತಣ್ಣಗಿದೆ ಅಂತ ಗಾಬರಿ ಆಗಬೇಡ, ಕುತ್ತಿಗೆ ಹಿಂದೆ ಮುಟ್ಟಿ ನೋಡು, ಅಲ್ಲಿ ಬೆಚ್ಚಗಿದ್ದರೆ ಸಾಕು. ನಿಮ್ಮ ರಜಾಯಿಯ ತುದಿ ಅದರ ಮುಖದ ಮೇಲೆ ಬರದ ಹಾಗೆ ನೋಡಿಕೋ. ರಬ್ಬರಿನ ಬಿಸಿನೀರಿನ ಚೀಲ ಸಿಕ್ಕರೆ, ಕೂಸನ್ನು ಮಲಗಿಸುವ ಮುಂಚೆ ಹಾಸಿಗೆಯಲ್ಲಿಟ್ಟು, ಮಲಗಿಸುವಾಗ ತೆಗೆದುಬಿಡು.

ಕರೆಂಟಿನ ಹೀಟರ್ ಅಂದರೆ ಬಿಲ್ಲಿನ ಹೆದರಿಕೆ, ಗೊತ್ತು. ಓನರು ಯೂನಿಟ್ಟಿಗೆ 8 ರೂಪಾಯಿ ಹಿಡಿಯುತ್ತಾರೆ ಅಂದೆಯಲ್ಲ. 2000 ವಾಟಿನದು ರಾತ್ರಿಯಿಡೀ 8 ಗಂಟೆ ಉರಿದರೆ 128 ರೂಪಾಯಿ. ಅದು ನಮ್ಮಿಂದ ಆಗದ ಮಾತು. 1000ಕ್ಕೆ ಇಟ್ಟು, ಮಲಗುವ ಮುಂಚೆ ಅರ್ಧ ಗಂಟೆ ಹಾಕಿ ಆರಿಸಿದರೆ 4 ರೂಪಾಯಿ. ಕೋಣೆ ಚಿಕ್ಕದು, ಅಷ್ಟಕ್ಕೇ ಚಳಿಯ ಮೊನೆ ಮುರಿಯುತ್ತದೆ. ಆಗ ಬೇಕಾದರೆ ಸೀರೆಯನ್ನು ಬಾಗಿಲಿಗೆ ಇಡು. ಕೆಂಡವಾಗಲಿ, ಗ್ಯಾಸ್ ಒಲೆಯಾಗಲಿ ಒಳಗೆ ಉರಿಯುತ್ತಿಲ್ಲ ಅಂದರೆ ಮಾತ್ರ. ಗ್ಯಾಸ್ ಒಲೆ ಹಚ್ಚಿ ಕೋಣೆ ಬಿಸಿ ಮಾಡುವ ಯೋಚನೆ ಬಂದರೆ ಅದೂ ಬೇಡ. ಹೀಟರಿನ ಹತ್ತಿರ ಬಟ್ಟೆ ಒಣಗಹಾಕಬೇಡ. ತೆಳ್ಳಗಿನ ಎಕ್ಸ್‌ಟೆನ್ಷನ್ ವೈರಿಗೆ ಸಿಕ್ಕಿಸಬೇಡ.

ಅಂದ ಹಾಗೆ, ಸ್ನಾನಕ್ಕೆ ನೀರು ಹೇಗೆ ಕಾಯಿಸುತ್ತೀರಿ ಅಂತ ನೀನು ಬರೆದೇ ಇಲ್ಲ. ಬಚ್ಚಲಿನ ಒಳಗೆ ಗ್ಯಾಸ್ ಗೀಸರ್ ಇದೆಯಾ? ಇದ್ದರೆ ಅದೂ ಇದೇ ಗಾಳಿ ಬಿಡುತ್ತದೆ. ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಸ್ನಾನ. ಕರೆಂಟಿನ ರಾಡ್ ಆದರೆ ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ. ಇದಕ್ಕೆ ಇವತ್ತೇ ಉತ್ತರ ಬರೆ.

ಊಟಕ್ಕೆ ಅಷ್ಟು ಚಿಂತೆ ಮಾಡಬೇಡ. ಅಲ್ಲಿ ಚಳಿಗಾಲದಲ್ಲೇ ತರಕಾರಿ ಅಗ್ಗ. ಆ ಕೆಂಪು ಗಜ್ಜರಿ, ಮೂಲಂಗಿ, ಮೆಂತ್ಯ ಸೊಪ್ಪು, ಬಟಾಣಿ. ರಾತ್ರಿ ಕಾಳುಮೆಣಸಿನ ಸಾರು ಕುಡಿದು ಮಲಗಿ. ಮೆಣಸು ಕಳಿಸುತ್ತಿದ್ದೇನೆ, ನಮ್ಮ ಬಳ್ಳಿಯದೇ. ಎಳ್ಳುಂಡೆಯೂ ಇದೆ.

ಅದೇ ಪಾರ್ಸಲ್ಲಿನಲ್ಲಿ ಕಂಬಳಿ ಇದೆ. ಅದೇ ಕಂಬಳಿ. ಆ ಮೇಲೆ ಅದನ್ನು ಯಾರಿಗೂ ಕೊಡಲಾಗಲಿಲ್ಲ, ನಾನೂ ಹೊದೆಯಲಿಲ್ಲ. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಬೇವಿನ ಸೊಪ್ಪು ಇಟ್ಟು ಮಡಚುತ್ತಿದ್ದೆ. ಚುಚ್ಚುತ್ತದೆ, ರಜಾಯಿಯ ಮೇಲೆ ಹೊದ್ದುಕೊಳ್ಳಿ. ಹೀಟರಿಗೆ ಅಂತ ಮೊಮ್ಮಗನ ಫೋನಿನಿಂದ 2000 ರೂಪಾಯಿ ಹಾಕಿಸಿದ್ದೇನೆ. ಅಳಿಯಂದಿರು ಬೇಡ ಅನ್ನಬಹುದು. ಸಾಲ ಅಂತಾದರೂ ಇಟ್ಟುಕೊಳ್ಳಿ. ಆಗ ಟ್ರಂಕು ತೆಗೆಯದೆ ಕೂತವಳು ನಾನು, ಈಗಲಾದರೂ ತೆಗೆಯಲು ಬಿಡಿ.

ಓನರ್ ಆಂಟಿಗೆ ಅಂಗೀಠಿ ವಾಪಸ್ ಕೊಡುವಾಗ ನೀರಿನ ಬಕೆಟ್ಟಿನ ವಿಷಯವನ್ನೂ ಹೇಳು. ಅವರ ಮನೆಯಲ್ಲೂ ವಯಸ್ಸಾದವರು ಇದ್ದಾರೆ ಅಂದಿದ್ದೆಯಲ್ಲ. ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಹೇಳು. ನಾನು ಹೇಳಿದೆ ಅಂತ ಹೇಳು.

ಕೊಟ್ಟು ಬಂದ ಮೇಲೆ, ಅಂಗೀಠಿ ಇಡುತ್ತಿದ್ದ ಮೂಲೆಯ ಒಂದು ಫೋಟೋ ತೆಗೆದು ಕಳಿಸು. ಖಾಲಿ ಮೂಲೆ ಕಂಡರೆ ಸಾಕು, ಏನೂ ಬರೆಯಬೇಕಾಗಿಲ್ಲ. ಮೊಮ್ಮಗನಿಗೆ ಫೋನ್ ಇಲ್ಲೇ ನನ್ನ ಹತ್ತಿರ ಇಟ್ಟು ಹೋಗು ಅಂದಿದ್ದೇನೆ.

ನಿನ್ನ
ದೊಡ್ಡಮ್ಮ