ಬಿಡುಗಡೆಯ ದಿನ ಮಧ್ಯಾಹ್ನ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಸೆರೆಮನೆ ಸೇವೆಗೆಂದು ನಿಮ್ಮ ಚರ್ಚಿನ ಸಭೆಯವರು ಹಾಕಿಕೊಂಡ ಪಟ್ಟಿ ಓದಿದೆ. ತಿಂಗಳಿಗೊಂದು ಆರಾಧನೆ, ಹಬ್ಬಕ್ಕೆ ಉಡುಗೊರೆ, ಬೈಬಲ್ ಹಂಚಿಕೆ. ಒಳ್ಳೆಯದೇ, ಮಾಡಿ. ಆದರೆ ಅದರಲ್ಲಿರುವುದೆಲ್ಲ ಗೋಡೆಯ ಒಳಗೇ ಮುಗಿದುಹೋಗುತ್ತದೆ. ಒಳಗಿರುವ ತನಕ ಕೈದಿಯ ತಟ್ಟೆ, ಹಾಸಿಗೆ, ಏಳುವ ಹೊತ್ತು, ಮಲಗುವ ಹೊತ್ತು ಎಲ್ಲವನ್ನೂ ಬೇರೆಯವರು ನಿಭಾಯಿಸುತ್ತಾರೆ. ಬಿಡುಗಡೆಯಾದ ದಿನ ಮಧ್ಯಾಹ್ನ ಅವನು ಎಲ್ಲಿಗೆ ಹೋಗಬೇಕು? ಮೊದಲು ಈ ಪ್ರಶ್ನೆಯನ್ನು ಸಭೆಯ ಮುಂದಿಡು.

ಸೆರೆಮನೆ ಎಂದೊಡನೆ ಎಲ್ಲರೂ ಮತ್ತಾಯ 25ರ ‘ಸೆರೆಯಲ್ಲಿದ್ದೆನು, ನನ್ನನ್ನು ನೋಡಲು ಬಂದಿರಿ’ ಎಂಬ ಮಾತು ಹೇಳುತ್ತಾರೆ. ಇಬ್ರಿಯರಿಗೆ ಬರೆದ ಪತ್ರದ 13:3 ಇನ್ನೂ ಖಾರ: ಸೆರೆಯವರನ್ನು ನೆನೆಯುವಾಗ ನೀವೂ ಅವರ ಜೊತೆ ಸೆರೆಯಲ್ಲಿದ್ದೀರಿ ಎಂದುಕೊಂಡೇ ನೆನೆಯಿರಿ ಎನ್ನುತ್ತದೆ. ಆದರೆ ಈ ಕೆಲಸಕ್ಕೆ ತೀರ ಹತ್ತಿರದ್ದು ಫಿಲೆಮೋನನಿಗೆ ಬರೆದ ಪುಟ್ಟ ಪತ್ರ. ಗುಲಾಮನಾಗಿದ್ದ ಒನೇಸಿಮನನ್ನು ಯಜಮಾನ ಫಿಲೆಮೋನನ ಬಳಿಗೆ ವಾಪಸು ಕಳುಹಿಸುತ್ತ ಪೌಲ, ಇವನಿಂದ ನಿನಗೇನಾದರೂ ನಷ್ಟವಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕಿಕೋ ಎಂದು ಬರೆಯುತ್ತಾನೆ. ನಷ್ಟವಾದವನ ಲೆಕ್ಕವನ್ನು ಅವನು ಅಳಿಸಲಿಲ್ಲ. ತಪ್ಪಿದವನನ್ನು ಬರಿಗೈಯಲ್ಲಿ ಅಟ್ಟಲೂ ಇಲ್ಲ. ನಡುವೆ ನಿಂತವನೇ ಕೈಯಿಂದ ಖರ್ಚು ಹಾಕಲು ಸಿದ್ಧನಾದ. (ಇದೇ ಪತ್ರವನ್ನು ಗುಲಾಮಗಿರಿಯ ಸಮರ್ಥನೆಗೆ ಎಳೆದವರೂ ಇದ್ದರು. ವಾಕ್ಯ ಯಾರ ಕೈಯಲ್ಲಿದೆ ಅನ್ನುವುದನ್ನೂ ನೋಡಬೇಕಾಗುತ್ತದೆ.)

ನಂಬಿಕೆಯೊಂದಿದ್ದರೆ ಕೆಲಸ ತಾನೇ ನೆಟ್ಟಗಾಗುತ್ತದೆ ಅಂದುಕೊಳ್ಳಬೇಡ. 1787ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕ್ವೇಕರರೆಂಬ ಕ್ರೈಸ್ತ ಪಂಗಡದವರೂ ಬೇರೆ ಕ್ರೈಸ್ತರೂ ಸೇರಿ ಸೆರೆಮನೆ ಸುಧಾರಣೆಗೆ ಸಂಘ ಕಟ್ಟಿದರು. ಚಾಟಿಯೇಟು, ಕಿಕ್ಕಿರಿದ ಕೊಠಡಿಗಳ ಬದಲು ಮನುಷ್ಯನನ್ನು ಮೌನದಲ್ಲಿ ದೇವರ ಮುಂದೆ ಕೂರಿಸಿದರೆ ತಾನೇ ಪಶ್ಚಾತ್ತಾಪಪಡುತ್ತಾನೆ ಎಂಬ ವಿಚಾರ ಅವರಲ್ಲಿ ಬೆಳೆಯಿತು. ಅದರ ಫಲವಾಗಿ 1829ರಲ್ಲಿ ಈಸ್ಟರ್ನ್ ಸ್ಟೇಟ್ ಪೆನಿಟೆನ್ಷಿಯರಿ ಎಂಬ ಜೈಲು ತೆರೆಯಿತು. ಒಬ್ಬನಿಗೊಂದು ಕೋಣೆ, ಚಾವಣಿಯಲ್ಲೊಂದು ಬೆಳಕಿಂಡಿ, ಒಂದು ಬೈಬಲ್, ಗೋಡೆ ಸುತ್ತಿದ ಪುಟ್ಟ ಅಂಗಳ. ಹೊರಗೆ ನಡೆಸುವಾಗ ಮುಖಕ್ಕೆ ಮುಸುಕು. ಹೀಗೆ ಒಂಟಿಯಾಗಿ ಇಟ್ಟ ಕೈದಿಗಳಲ್ಲಿ ಎಷ್ಟೋ ಜನ ಸ್ವಲ್ಪ ಕಾಲದಲ್ಲೇ ಮಂಕಾದರು, ಕೆಲವರಿಗೆ ಹುಚ್ಚು ಹಿಡಿಯಿತು, ಕೆಲವರು ಪ್ರಾಣ ಕಳೆದುಕೊಂಡರು ಎಂದು 1890ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಒಂದು ತೀರ್ಪಿನಲ್ಲಿ ದಾಖಲಿಸಿತು. ಆ ಜೈಲು ಈ ಪದ್ಧತಿಯನ್ನು ಅಧಿಕೃತವಾಗಿ ಕೈಬಿಟ್ಟದ್ದು 1913ರಲ್ಲಿ. ಕಟ್ಟಿದವರು ಕ್ರೂರಿಗಳಾಗಿರಲಿಲ್ಲ. ನನಗೆ ದಿಗಿಲು ಹುಟ್ಟಿಸುವುದು ಅದೇ.

ಲಂಡನ್ನಿನಲ್ಲಿ ಎಲಿಜಬೆತ್ ಫ್ರೈ ಕೂಡ ಕ್ವೇಕರಳೇ, ಆದರೆ ಹಿಡಿದ ದಾರಿ ಬೇರೆ. 1813ರಲ್ಲಿ ಮೊದಲ ಸಲ ನ್ಯೂಗೇಟ್ ಜೈಲಿನ ಹೆಂಗಸರ ವಿಭಾಗಕ್ಕೆ ಹೋದಳು. 1817ರಲ್ಲಿ ಸಂಘ ಕಟ್ಟಿ, ತಾಯಂದಿರ ಜೊತೆ ಜೈಲಿನಲ್ಲೇ ಬೆಳೆಯುತ್ತಿದ್ದ ಮಕ್ಕಳಿಗೆ ಶಾಲೆ, ಹೆಂಗಸರಿಗೆ ಹೊಲಿಗೆ ಕೆಲಸ ತಂದಳು. ನಿಯಮಗಳನ್ನು ಕೈದಿಗಳ ಮುಂದೆ ಒಂದೊಂದಾಗಿ ಓದಿಸಿ, ಅವರು ಕೈಯೆತ್ತಿ ಒಪ್ಪಿದ ಮೇಲೇ ಜಾರಿಗೆ ತಂದಳು. ಫಿಲಡೆಲ್ಫಿಯಾದವರು ಮನುಷ್ಯನ ಸುತ್ತಲಿನ ಜನರನ್ನೆಲ್ಲ ತೆಗೆದರು, ಇವಳು ಜನರನ್ನು ಕೂಡಿಸಿದಳು.

ಈಗ ನಿನ್ನ ಸಭೆ ಹಿಡಿಯಬಹುದಾದ ಮಾದರಿಗೆ ಬರುತ್ತೇನೆ. 1994ರಲ್ಲಿ ಕೆನಡಾದ ಹ್ಯಾಮಿಲ್ಟನ್ನಿನಲ್ಲಿ, ಮಕ್ಕಳ ಮೇಲೆ ಲೈಂಗಿಕ ಅಪರಾಧ ಎಸಗಿದ್ದ ಒಬ್ಬ ಶಿಕ್ಷೆಯನ್ನು ಕೊನೆಯ ದಿನದ ತನಕ ಅನುಭವಿಸಿ ಹೊರಬಂದ. ಪೂರ್ತಿ ಶಿಕ್ಷೆ ಮುಗಿದಿದ್ದರಿಂದ ಪೆರೋಲ್ ಇಲ್ಲ, ನಿಗಾ ಇಡುವ ಅಧಿಕಾರಿಯಿಲ್ಲ. ಊರಲ್ಲಿ ಭಯ, ಪ್ರತಿಭಟನೆ. ಮೆನ್ನೊನೈಟ್ ಎಂಬ ಕ್ರೈಸ್ತ ಪಂಗಡದ ಪಾಸ್ಟರ್ ಹ್ಯಾರಿ ನೈ ತನ್ನ ಪುಟ್ಟ ಸಭೆಯಿಂದ ಕೆಲವರನ್ನು ಕೂಡಿಸಿ ಅವನ ಸುತ್ತ ಒಂದು ಬಳಗ ಮಾಡಿದ. ಅವನಿಗೆ ಆಸರೆ ಕೊಡುವುದೂ ಅವನ ಮೇಲೆ ಕಣ್ಣಿಡುವುದೂ ಅದೇ ಬಳಗದ ಕೆಲಸ. ಕ್ರಮೇಣ ಇದು ಕೆನಡಾದುದ್ದಕ್ಕೂ ಹಬ್ಬಿತು, 2002ರ ಹೊತ್ತಿಗೆ ಕ್ವೇಕರರ ಮೂಲಕ ಇಂಗ್ಲೆಂಡಿಗೂ ಹೋಯಿತು. 2009ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ, ಬಳಗ ಸಿಕ್ಕ 44 ಜನರನ್ನು ಅಂಥದೇ ಹಿನ್ನೆಲೆಯ, ಬಳಗವಿಲ್ಲದ 44 ಜನರ ಪಕ್ಕದಲ್ಲಿಟ್ಟು ನೋಡಿದಾಗ ಲೈಂಗಿಕ ಅಪರಾಧಕ್ಕೆ ಮರಳುವುದು 83% ಕಡಿಮೆಯಿತ್ತು. ಸಂಖ್ಯೆ ಚಿಕ್ಕದು, ಅದನ್ನೇ ಹಿಡಿದು ಪ್ರಸಂಗ ಮಾಡಬೇಡ. ಆದರೆ ದಿಕ್ಕು ಸ್ಪಷ್ಟವಾಗಿದೆ.

ನೀವು ಅಷ್ಟು ಗಂಭೀರ ಪ್ರಕರಣದಿಂದಲೇ ತೊಡಗಬೇಕಾಗಿಲ್ಲ, ತೊಡಗಲೂ ಬಾರದು. ತರಬೇತಿಯಿಲ್ಲದ ಸಭೆ ಮೊದಲ ಸಲ ಕಳ್ಳತನ, ಮಾದಕ ವಸ್ತು, ಮೋಸದಂಥ ಪ್ರಕರಣದವರನ್ನು ತೆಗೆದುಕೊಳ್ಳಲಿ. ಬಳಗ ಕಟ್ಟುವ ರೀತಿ ಒಂದೇ.

ಬಳಗಕ್ಕೆ ನಾಲ್ಕರಿಂದ ಆರು ಜನ. ಇಬ್ಬರೇ ಆದರೆ ಒಬ್ಬನಿಗೆ ಜ್ವರ ಬಂದ ವಾರ ಕೂಟವೇ ಇಲ್ಲ, ಉಳಿದವನೊಬ್ಬನ ಹೆಗಲಿಗೇ ಎಲ್ಲ ಬೀಳುತ್ತದೆ. ಎಂಟು ಜನ ಕೂತರೆ ನಡುವಿನವನಿಗೆ ಅದು ಕಟಕಟೆಯಂತೆ ಕಾಣುತ್ತದೆ. ವಯಸ್ಸು, ಕಸುಬು ಬೆರೆತಿರಲಿ. ಜೈಲು ಕಂಡು ಬಂದು ನೆಲೆನಿಂತ ಒಬ್ಬರು ಇದ್ದರೆ ಬಲು ಒಳ್ಳೆಯದು, ಉಳಿದವರು ನಂಬುವ ಸುಳ್ಳನ್ನು ಅವರು ನಂಬುವುದಿಲ್ಲ. ಯಾರನ್ನಾದರೂ ಉದ್ಧಾರ ಮಾಡಲೇಬೇಕೆಂಬ ಹಟದವರು ಬೇಡ. ಅಂಥದೇ ಅಪರಾಧಕ್ಕೆ ಬಲಿಯಾಗಿ ಇನ್ನೂ ಗಾಯ ಮಾಯದವರನ್ನು ಕರೆಯುವುದಂತೂ ಅನ್ಯಾಯ.

ಬಿಡುಗಡೆಗೆ ಮೂರು ತಿಂಗಳಿರುವಾಗಲೇ ಶುರುಮಾಡಿ. ಜೈಲಿನ ಅನುಮತಿ ಪಡೆದು ಒಳಗೇ ಮೂರು ನಾಲ್ಕು ಸಲ ಕೂಡಿ. ಅಲ್ಲೇ ಕರಾರು ಬರೆಯಬೇಕು. ಒಂದೇ ಹಾಳೆ ಸಾಕು: ವಾರಕ್ಕೊಮ್ಮೆ ಒಂದೂವರೆ ಗಂಟೆ ಕೂಡುತ್ತೇವೆ, ಕನಿಷ್ಠ ಒಂದು ವರ್ಷ, ಮೊದಲ ಆರು ವಾರ ಸರದಿಯಂತೆ ಒಬ್ಬರು ದಿನವೂ ಫೋನ್ ಮಾಡುತ್ತಾರೆ, ಒಬ್ಬರಿಗೆ ಹೇಳಿದ್ದು ಬಳಗಕ್ಕೆಲ್ಲ ಹೇಳಿದಂತೆ, ಬಳಗದ ಮಾತು ಹೊರಗೆ ಹೋಗುವುದಿಲ್ಲ, ಆದರೆ ಯಾರಿಗಾದರೂ ಅಪಾಯವಿದೆ ಎನಿಸಿದರೆ ಪೊಲೀಸರಿಗೆ ತಿಳಿಸುತ್ತೇವೆ. ಈ ಕೊನೆಯ ಸಾಲನ್ನು ಮೊದಲ ದಿನವೇ ಅವನೆದುರು ಗಟ್ಟಿಯಾಗಿ ಓದಿ. ಆಮೇಲೆ ಹೇಳಿದರೆ ಬೆನ್ನಿಗೆ ಇರಿದಂತೆ. ಅವನು ಸಹಿ ಹಾಕಲೊಲ್ಲದಿದ್ದರೆ ಬಳಗ ಬೇಡ, ಒತ್ತಾಯ ಮಾಡಬೇಡಿ.

ಬಿಡುಗಡೆಯ ದಿನ ಗೇಟಿನ ಬಳಿ ಇಬ್ಬರು ಇರಬೇಕು. ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ, ಹೇಳಿದ ಹೊತ್ತಿಗೆ ಬಿಡುವುದು ಅಪರೂಪ. ಮೂರು ದಿನದೊಳಗೆ ಆಗಬೇಕಾದವು: ಮಲಗುವ ಜಾಗ, ಫೋನು, ಗುರುತಿನ ಚೀಟಿಗೆ ಅರ್ಜಿ, ಜೈಲಿನಲ್ಲಿ ಕೊಡುತ್ತಿದ್ದ ಮಾತ್ರೆಗಳು ತಪ್ಪದಂತೆ ವೈದ್ಯರ ಭೇಟಿ. ಮಾದಕ ವಸ್ತುವಿನ ಚಟವಿದ್ದವನಾದರೆ ಇನ್ನೂ ಎಚ್ಚರ. ಒಳಗೆ ಬಿಟ್ಟಿದ್ದರಿಂದ ದೇಹದ ತಾಳಿಕೆ ಇಳಿದಿರುತ್ತದೆ, ಹೊರಬಂದು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಬಿಡುಗಡೆಯಾದ ಮೊದಲ ಎರಡು ವಾರಗಳಲ್ಲಿ ಮಿತಿಮೀರಿದ ಸೇವನೆಯಿಂದ ಸಾಯುವ ಅಪಾಯ ಸಾಮಾನ್ಯ ಜನರಿಗಿಂತ 129 ಪಟ್ಟು ಹೆಚ್ಚು. ಬಳಗದವರು ಇದನ್ನು ಅವನೊಡನೆ ನಾಚಿಕೆಯಿಲ್ಲದೆ ಮಾತಾಡಿರಬೇಕು. ಅಫೀಮು ಜಾತಿಯ ವಸ್ತುಗಳ ಪರಿಣಾಮ ತಡೆಯುವ ನಲೋಕ್ಸೋನ್ ಸಿಗುವ ಕಡೆ ಅದನ್ನು ಇಟ್ಟುಕೊಂಡು ಬಳಸುವುದನ್ನೂ ಕಲಿತಿರಿ. ಪ್ರಾರ್ಥನೆಯಷ್ಟೇ ಅಗತ್ಯ ಅದು.

ಹಣದ ವಿಷಯದಲ್ಲಿ ಬಳಗಗಳು ಒಡೆಯುವುದು ಹೆಚ್ಚು. ಯಾರೂ ಸ್ವಂತ ಜೇಬಿನಿಂದ ಸಾಲ ಕೊಡಬಾರದು. ಕೊಟ್ಟವನು ಮರುವಾರ ಸಾಲಗಾರನನ್ನು ನೋಡುತ್ತಾನೆ, ಪಡೆದವನು ಮುಖ ತಪ್ಪಿಸಲೆಂದು ಕೂಟಕ್ಕೇ ಬರುವುದಿಲ್ಲ. ಸಭೆಯಲ್ಲಿ ಬೇರೆ ನಿಧಿ ಇಡಿ, ಇಬ್ಬರ ಸಹಿ ಇರಲಿ, ಬಾಡಿಗೆಯನ್ನು ನೇರವಾಗಿ ಮನೆ ಮಾಲೀಕನಿಗೆ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ಕೂಟದಲ್ಲಿ ಎಲ್ಲರೂ ತಮ್ಮ ವಾರ ಹೇಗಿತ್ತು ಹೇಳಬೇಕು, ಅವನೊಬ್ಬನೇ ಅಲ್ಲ. ಆಮೇಲೆ ನೇರ ಪ್ರಶ್ನೆ: ಹಳೆಯ ಗೆಳೆಯರು ಸಿಕ್ಕರೇ? ಕುಡಿದೆಯಾ? ಕೆಲಸಕ್ಕೆ ಎಷ್ಟು ದಿನ ಹೋದೆ? ಸೌಜನ್ಯಕ್ಕೆ ಪ್ರಶ್ನೆ ನುಂಗುವ ಬಳಗದಿಂದ ಅವನಿಗೂ ಪ್ರಯೋಜನವಿಲ್ಲ, ಊರಿಗೂ ಇಲ್ಲ. ಸಣ್ಣ ಸುಳ್ಳು, ಎರಡು ಸಲ ತಪ್ಪಿದ ಕೂಟ, ಎತ್ತದ ಫೋನು, ಎಲ್ಲಿಂದಲೋ ಬಂದ ದುಡ್ಡು: ಇವು ಮೊದಲ ಸೂಚನೆಗಳು. ಬಳಗದ ಹೊರಗೆ ಒಬ್ಬ ಆಪ್ತಸಲಹೆಗಾರರು, ಒಬ್ಬ ವಕೀಲರು, ನಿಗಾ ಅಧಿಕಾರಿಯಿದ್ದರೆ ಅವರು ಇರಲಿ. ಮೂರು ತಿಂಗಳಿಗೊಮ್ಮೆ ಅವರ ಜೊತೆ ಕೂಡಿ, ಯಾಕೆಂದರೆ ಹತ್ತಿರ ಕೂತವರಿಗೆ ಕೆಲವು ಸಂಗತಿ ಕಾಣುವುದೇ ಇಲ್ಲ.

ಸಭೆಗಳು ಮಾಡುವ ದೊಡ್ಡ ತಪ್ಪು ಸಾಕ್ಷಿ ಹೇಳಿಸುವುದು, ಅಂದರೆ ದೇವರು ತನ್ನನ್ನು ಹೇಗೆ ಬದಲಾಯಿಸಿದ ಎಂದು ಎಲ್ಲರೆದುರು ಹೇಳಿಸುವುದು. ಬಂದು ಆರು ವಾರವಾಗಿರುವುದಿಲ್ಲ, ಮೈಕು ಕೊಟ್ಟು ವೇದಿಕೆ ಹತ್ತಿಸುತ್ತಾರೆ. ಜನ ಅಳುತ್ತಾರೆ, ಅವನಿಗೆ ಯಾವ ಮಾತಿಗೆ ಚಪ್ಪಾಳೆ ಬೀಳುತ್ತದೆ ಎಂದು ಗೊತ್ತಾಗುತ್ತದೆ. ಮರುದಿನ ಜಾರಿಬಿದ್ದರೆ ಬಳಗಕ್ಕೆ ಹೇಳಿಕೊಳ್ಳುವ ದಾರಿಯೇ ಮುಚ್ಚಿರುತ್ತದೆ, ಬದಲಾದವನ ಪಾತ್ರ ಆಗಲೇ ಕೊಟ್ಟಾಗಿದೆಯಲ್ಲ. ಒಂದು ವರ್ಷ ಮೈಕು ಬೇಡ, ಫೋಟೊ ಬೇಡ. ಕುರ್ಚಿ ಜೋಡಿಸುವ ಕೆಲಸ ಕೊಡಿ. ಮಕ್ಕಳ ಮೇಲಿನ ಅಪರಾಧವಾಗಿದ್ದರೆ ಭಾನುವಾರದ ಶಾಲೆಯ ಹತ್ತಿರವೂ ಸುಳಿಯದಂತೆ ಲಿಖಿತ ನಿಯಮ ಇರಬೇಕು. ಕ್ಷಮೆ ಸಿಕ್ಕಿತು ಎಂದು ಬೀಗದ ಕೈ ಕೊಡಲಾಗುವುದಿಲ್ಲ.

ನೊಂದವರ ಮಾತು. ಸಭೆಯವರು ಇಲ್ಲೇ ಎಡವುತ್ತಾರೆ. ಅಪರಾಧಿಗೆ ಆರು ಜನ ಸಿಕ್ಕರು, ನೊಂದವಳಿಗೆ ಸಿಕ್ಕಿದ್ದು ಕ್ಷಮಿಸಮ್ಮಾ ಎಂಬ ಬೋಧನೆ. ಹಾಗಾಗಬಾರದು, ಅವರಿಗೂ ಬಳಗ ಬೇಕು, ಅದು ಮೊದಲೇ ಬೇಕು. ಸುಂಕ ವಸೂಲಿಯವನಾದ ಜಕ್ಕಾಯನು, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಎಂದದ್ದನ್ನು ಲೂಕ 19ರಲ್ಲಿ ಓದುತ್ತೇವೆ, ತಿರುಗಿ ಕೊಡುವುದು ಪಶ್ಚಾತ್ತಾಪದ ಒಳಗಿನದೇ ಭಾಗ. 1974ರಲ್ಲಿ ಕೆನಡಾದ ಎಲ್ಮೈರಾದಲ್ಲಿ ಇಬ್ಬರು ಯುವಕರು ಒಂದೇ ರಾತ್ರಿ 22 ಕಡೆ ಆಸ್ತಿ ಹಾಳುಮಾಡಿದ್ದರು. ಪ್ರೊಬೇಷನ್ ಅಧಿಕಾರಿಯಾಗಿದ್ದ (ಜೈಲಿಗೆ ಹಾಕದೆ ಹೊರಗಿಟ್ಟ ಅಪರಾಧಿಗಳ ಮೇಲೆ ನಿಗಾ ಇಡುವ) ಮಾರ್ಕ್ ಯಾಂಟ್ಜಿ ಮತ್ತು ಡೇವ್ ವರ್ತ್ ಎಂಬ ಮೆನ್ನೊನೈಟರು ನ್ಯಾಯಾಧೀಶರನ್ನು ಒಪ್ಪಿಸಿ, ಆ ಯುವಕರನ್ನು ನಷ್ಟವಾದವರ ಮನೆಬಾಗಿಲಿಗೆ ಕರೆದೊಯ್ದರು. ಯುವಕರು ಎದುರು ನಿಂತು ತಪ್ಪೊಪ್ಪಿಕೊಂಡು, ಲೆಕ್ಕ ಕೇಳಿ, ಕೆಲವೇ ತಿಂಗಳಲ್ಲಿ ನಷ್ಟ ತುಂಬಿಕೊಟ್ಟರು. ಆದರೆ ಇದನ್ನು ಕಂಡಕಂಡ ಪ್ರಕರಣಕ್ಕೆ ಹಚ್ಚಬೇಡ. ಭೇಟಿಗೆ ನೊಂದವರ ಒಪ್ಪಿಗೆ ಯಾರ ಒತ್ತಡವೂ ಇಲ್ಲದೆ ಬರಬೇಕು. ತರಬೇತಿ ಪಡೆದವರು ಇಬ್ಬರನ್ನೂ ಬೇರೆಬೇರೆಯಾಗಿ ಹಲವು ಸಲ ಮಾತಾಡಿಸಿ ಸಿದ್ಧಮಾಡಿರಬೇಕು. ಯಾವ ಕ್ಷಣದಲ್ಲೂ ಎದ್ದುಹೋಗುವ ಸ್ವಾತಂತ್ರ್ಯ ಇರಬೇಕು. ಮನೆಯೊಳಗಿನ ಹಿಂಸೆಯ ಪ್ರಕರಣಗಳಲ್ಲಿ ಸಭೆಯವರು ಮಧ್ಯಸ್ಥಿಕೆಗೆ ಇಳಿಯಲೇಬಾರದು, ಎದುರಿಗೆ ಕೂತಾಗಲೇ ಹೊಡೆದವನ ಕಣ್ಣಸನ್ನೆ ಕೆಲಸ ಮಾಡುತ್ತಿರುತ್ತದೆ.

ಕಾನೂನು ಬದಲಾಯಿಸುವ ವಿಷಯ ನೀನು ಕೇಳಿದ್ದೆ. ಅದಕ್ಕೆ ಇಲ್ಲಿಂದಲೇ ದಾರಿ. ಎಲಿಜಬೆತ್ ಫ್ರೈ 1818ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯ ಹೇಳುವಾಗ ಅವಳ ಬಳಿ ತಾನೇ ಕಂಡ ವಿವರಗಳಿದ್ದವು. 1823ರ ಜೈಲು ಕಾಯ್ದೆ ಹೆಣ್ಣು ಕೈದಿಗಳಿಗೆ ಹೆಣ್ಣು ಕಾವಲುಗಾರರೇ ಇರಬೇಕೆಂದಿತು. ನೀವೂ ಒಂದು ದಪ್ಪ ನೋಟ್‌ಬುಕ್ ಇಡಿ. ಹೆಸರು ಬೇಡ, ತಾರೀಖು ಇರಲಿ. ಗುರುತಿನ ಚೀಟಿ ಸಿಗಲು ಎಷ್ಟು ದಿನ ಹಿಡಿಯಿತು, ಎಷ್ಟು ಮನೆ ಮಾಲೀಕರು ಇಲ್ಲವೆಂದರು, ದಂಡ ಕಟ್ಟಲಾಗದೆ ಯಾರು ಎಷ್ಟು ದಿನ ಹೆಚ್ಚಿಗೆ ಒಳಗಿದ್ದರು, ಮಾತ್ರೆ ಯಾವಾಗ ತಪ್ಪಿತು. ಎರಡು ಮೂರು ಬಳಗ ನಡೆಯುವಷ್ಟರಲ್ಲಿ ಒಂದೇ ಅಡಚಣೆ ಮತ್ತೆ ಮತ್ತೆ ಎದುರಾಗುವುದು ಕಾಣುತ್ತದೆ. ಶಾಸಕರ ಬಳಿಗೆ ಆ ಒಂದನ್ನೇ ಒಯ್ಯಿರಿ, ಹತ್ತು ಬೇಡಿಕೆಯ ಮನವಿಯನ್ನು ಯಾರೂ ಓದುವುದಿಲ್ಲ.

ಆರನೇ ತಿಂಗಳ ಹೊತ್ತಿಗೆ ಬಳಗದಲ್ಲಿ ಒಬ್ಬರಾದರೂ ಸುಸ್ತಾಗಿರುತ್ತಾರೆ. ಹೇಳದೆ ನಿಂತುಹೋಗುವುದು ಬೇಡ, ಅವನನ್ನು ಹಾಗೆ ಬಿಟ್ಟುಹೋದವರು ಆಗಲೇ ಬೇಕಾದಷ್ಟು ಇದ್ದಾರೆ. ಬಂದು, ಕಾರಣ ಹೇಳಿ, ಬದಲಿಗೆ ಬಂದವರ ಪರಿಚಯ ಮಾಡಿಸಿ ಹೋಗಲಿ.

ಕರಾರಿನ ಮಾದರಿ ಮುಂದಿನ ಪತ್ರದಲ್ಲಿ ಕಳುಹಿಸುತ್ತೇನೆ. ಅಷ್ಟರಲ್ಲಿ ನೀನು ನಾಲ್ಕು ಹೆಸರು ಬರೆದಿಡು, ನಿನ್ನದನ್ನೂ ಸೇರಿಸಿ.

ನಿನ್ನ ಗೆಳೆಯ