ಪ್ರಾಜೆಕ್ಟ್ ಮಗುವಿನದೇ ಆಗಲಿ

ಮಾನ್ಯ ಸಂಪಾದಕರೇ,

ಶಾಲೆಯ ಪ್ರಾಜೆಕ್ಟ್ ಅಂದರೆ ಅಪ್ಪ-ಅಮ್ಮನಿಗೆ ಹೆಚ್ಚುವರಿ ಕೆಲಸ ಎಂದು ಈಚೆಗೆ ನಿಮ್ಮ ಓದುಗರೊಬ್ಬರು ಬರೆದಿದ್ದರು. ರಾತ್ರಿ ನಿದ್ದೆಗೆಟ್ಟು ರಟ್ಟು ಕತ್ತರಿಸಿ, ಅಂಟು ಹಚ್ಚಿ, ಮಗನಿಗೆ ಜ್ವಾಲಾಮುಖಿ ಮಾಡಿಕೊಟ್ಟ ಆ ತಾಯಿಯ ದೂರು ನಿಜ. ಆದರೆ ಇದೆಲ್ಲ ಬೇಡ, ಪಾಠ ಮಾಡಿ ಪರೀಕ್ಷೆ ಕೊಟ್ಟರೆ ಸಾಕು ಎಂದು ಅವರು ಪತ್ರ ಮುಗಿಸಿದ್ದನ್ನು ಒಪ್ಪಲು ನನ್ನಿಂದ ಆಗುತ್ತಿಲ್ಲ. ನಾನು ಆರು ಮತ್ತು ಏಳನೇ ತರಗತಿಗೆ ಗಣಿತ ಹೇಳಿಕೊಡುವವಳು. ಅವರ ಮನೆಯಲ್ಲಿ ನಡೆದದ್ದು ಪ್ರಾಜೆಕ್ಟೇ ಅಲ್ಲ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು.

ಪ್ರಾಜೆಕ್ಟ್ ಪದ್ಧತಿಯ ಬಗ್ಗೆ ಅಮೆರಿಕದ ಶಿಕ್ಷಣತಜ್ಞ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಒಂದು ಪ್ರಬಂಧ ಬರೆದರು. ಏನು ಮಾಡಬೇಕು ಅಂತ ಗುರಿ ಇಟ್ಟುಕೊಳ್ಳುವುದು, ಹೇಗೆ ಮಾಡುವುದು ಅಂತ ಯೋಚಿಸುವುದು, ಮಾಡುವುದು, ಮಾಡಿದ್ದು ಸರಿಯಾಯಿತೇ ಅಂತ ತೂಗಿ ನೋಡುವುದು: ಈ ನಾಲ್ಕನ್ನೂ ಮಕ್ಕಳೇ ಮನಸಾರೆ ಮಾಡಬೇಕು ಎಂಬುದು ಅವರ ಆಸೆ. ಆ ಜ್ವಾಲಾಮುಖಿಯನ್ನು ನೋಡಿ. ವಿಷಯ ಶಾಲೆ ಕೊಟ್ಟಿತು. ವಿಧಾನ ಮೊಬೈಲಿನಲ್ಲಿ ಸಿಕ್ಕಿತು. ಕೆಲಸ ತಾಯಿ ಮಾಡಿದರು. ಅಂಕ ಶಿಕ್ಷಕರು ಹಾಕಿದರು. ಮಗುವಿನ ಪಾಲಿಗೆ ಬಂದದ್ದು ಅದನ್ನು ಹೊತ್ತುಕೊಂಡು ಹೋಗುವ ಕೆಲಸ ಮಾತ್ರ.

ನಮ್ಮ ಶಾಲೆಯ ಅಂಗಳದಲ್ಲಿ ಒಂದು ನಲ್ಲಿ ಸೋರುತ್ತಿತ್ತು. ‘ದಿನಕ್ಕೆ ಎಷ್ಟು ನೀರು ಹೋಗುತ್ತೆ ಮಿಸ್?’ ಎಂದು ಆರನೇ ತರಗತಿಯ ಒಬ್ಬಳು ಕೇಳಿದಳು. ನನಗೂ ಗೊತ್ತಿರಲಿಲ್ಲ. ಕಂಡುಹಿಡಿಯೋಣ ಎಂದೆ. ಹೇಗೆ ಎಂಬುದರ ಮೇಲೆ ತರಗತಿ ಎರಡು ಗುಂಪಾಯಿತು. ಒಂದು ಗುಂಪು ಹನಿ ಎಣಿಸಲು ಕೂತಿತು. ಎಣಿಕೆ ಮತ್ತೆ ಮತ್ತೆ ತಪ್ಪಿತು. ಎಲ್ಲ ಹನಿಯೂ ಒಂದೇ ಗಾತ್ರ ಅಲ್ಲ, ಅಲ್ವಾ? ಅದರ ಮೇಲೆ ಜಗಳವೂ ಆಯಿತು. ಇನ್ನೊಂದು ಗುಂಪು ಒಂದು ಲೀಟರಿನ ಬಾಟಲಿ ಇಟ್ಟು ಗಡಿಯಾರ ನೋಡುತ್ತಾ ನಿಂತಿತು. ಬೆಳಿಗ್ಗೆ ಒಂದು ಲೆಕ್ಕ ಬಂದರೆ ಮಧ್ಯಾಹ್ನ ಬೇರೆ ಲೆಕ್ಕ. ಯಾವುದನ್ನು ನಂಬಬೇಕು? ‘ಎಲ್ಲದರ ನಡುವಿನದು ಒಂದು ಸಿಗುತ್ತಾ ಮಿಸ್?’ ಎಂದು ಅವರೇ ಬಂದು ಕೇಳಿದರು. ಸರಾಸರಿಯ ಪಾಠ ಪುಸ್ತಕದಲ್ಲಿ ಇನ್ನೂ ದೂರ ಇತ್ತು. ನಾನು ಅವತ್ತೇ ಹೇಳಿಕೊಟ್ಟೆ.

ಕೊನೆಗೆ ಬಾಟಲಿ ತುಂಬಲು ಸರಾಸರಿ 40 ನಿಮಿಷ ಬೇಕು ಎಂದಾಯಿತು. ಗಂಟೆಗೆ ಒಂದೂವರೆ ಲೀಟರ್, ದಿನಕ್ಕೆ 36 ಲೀಟರ್. ಅಷ್ಟಕ್ಕೇ ಒಬ್ಬ ಹುಡುಗ ತಕರಾರು ತೆಗೆದ. ರಾತ್ರಿ ಬೇರೆ ನಲ್ಲಿಗಳೆಲ್ಲ ಮುಚ್ಚಿರುತ್ತವೆ, ಆಗ ಒತ್ತಡ ಜಾಸ್ತಿ ಇರುತ್ತೆ, ಹಾಗಾಗಿ 36 ಅನ್ನೋದು ಕಮ್ಮಿ ಅಂತ. ರಾತ್ರಿ ಅಳೆಯಲು ಆಗುವುದಿಲ್ಲವಲ್ಲ. ಅದಕ್ಕೆ ‘ಕನಿಷ್ಠ 36 ಲೀಟರ್ ಇರಬಹುದು’ ಎಂದು ಬರೆಯೋಣ ಎಂದು ಅವರೇ ತೀರ್ಮಾನಿಸಿದರು. ಮುಖ್ಯ ಶಿಕ್ಷಕರಿಗೆ ಪತ್ರ ಬರೆದರು. ‘ಎಷ್ಟು ಸಲ ಅಳೆದಿರಿ? ಎಲ್ಲಿದೆ ದಾಖಲೆ?’ ಎಂದು ಅವರು ಕೇಳಿದಾಗ ನೋಟ್‌ಬುಕ್ ತೋರಿಸಿದರು. ವಾಷರ್ ಬದಲಾಯಿತು. ಸೋರಿಕೆ ನಿಂತಿದೆಯಾ ಎಂದು ಮತ್ತೆ ಬಾಟಲಿ ಇಟ್ಟು ನೋಡಿದವರೂ ಅವರೇ.

ಆ ನೋಟ್‌ಬುಕ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅದನ್ನು ಇಟ್ಟುಕೊಂಡಿದ್ದ ಹುಡುಗ ಗಣಿತದ ಪುಸ್ತಕದಲ್ಲಿ ಲೆಕ್ಕ ತಪ್ಪಾದರೆ ಹಾಳೆಯನ್ನೇ ಹರಿದುಹಾಕುವವನು. ಇಲ್ಲಿ ತಪ್ಪಾದ ಅಳತೆಗಳನ್ನು ಹಾಗೇ ಉಳಿಸಿಕೊಂಡಿದ್ದ. ಪಕ್ಕದಲ್ಲಿ ‘ಬಾಟಲಿ ವಾಲಿತ್ತು’, ‘ಗಡಿಯಾರ ನೋಡಲು ತಡವಾಯಿತು’ ಎಂದು ಕಾರಣವನ್ನೂ ಬರೆದಿದ್ದ. ಹಾಗೆ ಬರೆ ಎಂದು ನಾನು ಹೇಳಿರಲಿಲ್ಲ. ಕಲಿಕೆ ತನ್ನದು ಅಂತ ಮಗುವಿಗೆ ಅನ್ನಿಸುವುದು ಅಂದರೆ ನನ್ನ ಮಟ್ಟಿಗೆ ಇದು. ತಪ್ಪನ್ನು ಇನ್ನೊಬ್ಬರಿಂದ ಮುಚ್ಚಿಡುವ ಅಗತ್ಯವೇ ಅವನಿಗೆ ಬೀಳಲಿಲ್ಲ.

ಇದೇನೂ ಹೊಸ ಫ್ಯಾಷನ್ ಅಲ್ಲ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1896ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಶಾಲೆ ತೆರೆದರು. ಅಲ್ಲಿ ಮಕ್ಕಳ ಕೈಗೆ ಕಚ್ಚಾ ಹತ್ತಿ, ಉಣ್ಣೆ ಕೊಟ್ಟರು. ಅರ್ಧ ಗಂಟೆ ಕೂತು ಕಾಯಿಯಿಂದ, ಬೀಜದಿಂದ ಹತ್ತಿ ಬಿಡಿಸಿದರೂ ಮಕ್ಕಳಿಗೆ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಕೂಡ ಸಿಗಲಿಲ್ಲ. ಹಿಂದಿನವರು ಹತ್ತಿಗಿಂತ ಉಣ್ಣೆಯನ್ನೇ ಯಾಕೆ ಜಾಸ್ತಿ ಉಡುತ್ತಿದ್ದರು ಎಂಬುದು ಅವರಿಗೆ ಬೆರಳಲ್ಲೇ ಗೊತ್ತಾಯಿತು. ಹತ್ತಿ ಬಿಡಿಸುವ ಯಂತ್ರ ಯಾಕೆ ಅಷ್ಟು ದೊಡ್ಡ ಸಂಗತಿ ಎಂದು ಆ ಮಕ್ಕಳಿಗೆ ಬೇರೆಯವರು ಹೇಳಬೇಕಿರಲಿಲ್ಲ. ಇತಿಹಾಸದ ಪುಸ್ತಕದಲ್ಲಿ ಒಂದು ಸಾಲಾಗಿ ಓದಿದ್ದರೆ ಪರೀಕ್ಷೆ ಮುಗಿದ ಮೇಲೆ ಎಷ್ಟು ಜನರಿಗೆ ನೆನಪಿರುತ್ತಿತ್ತು?

ಹಾಗಂತ ಮಕ್ಕಳನ್ನು ಸುಮ್ನೆ ಬಿಟ್ಟುಬಿಟ್ಟರೆ ಅವರೇ ಎಲ್ಲ ಕಲಿಯುತ್ತಾರೆ ಎಂದು ನಾನು ಹೇಳುತ್ತಿಲ್ಲ. ಹೊಸಬರಿಗೆ ಸ್ಪಷ್ಟವಾದ ಮಾರ್ಗದರ್ಶನ ಬೇಕೇ ಬೇಕು, ಇಲ್ಲದಿದ್ದರೆ ತಲೆಗೆ ಭಾರ ಜಾಸ್ತಿಯಾಗಿ ಕಲಿಕೆಯೇ ನಡೆಯುವುದಿಲ್ಲ ಎಂದು ಕಿರ್ಶ್ನರ್, ಸ್ವೆಲ್ಲರ್, ಕ್ಲಾರ್ಕ್ ಎಂಬ ಮೂವರು ಸಂಶೋಧಕರು 2006ರಲ್ಲಿ ಗಟ್ಟಿಯಾಗಿ ವಾದಿಸಿದರು. ಅವರ ಮಾತಿನಲ್ಲಿ ಹುರುಳಿದೆ. ಸರಾಸರಿ ತೆಗೆಯುವುದನ್ನು ನಾನು ಕಪ್ಪುಹಲಗೆಯ ಮೇಲೆ, ಹಂತ ಹಂತವಾಗಿ, ಹಳೆಯ ರೀತಿಯಲ್ಲೇ ಹೇಳಿಕೊಟ್ಟೆ. ಆದರೆ ಅದನ್ನು ಕೇಳಿಸಿಕೊಂಡವರು ಬೇಕು ಅಂತ ಕೇಳಿ ಬಂದವರು. ಅಷ್ಟರಿಂದಲೇ ತರಗತಿ ಬೇರೆಯಾಗುತ್ತದೆ.

ಅಂಕ, ಬಹುಮಾನದ ಬಗ್ಗೆಯೂ ಯೋಚಿಸಬೇಕು. ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಅವರ ಜೊತೆಗಾರರು 1973ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚಿತ್ರ ಬಿಡಿಸುವುದು ಇಷ್ಟವಿದ್ದ ಪುಟ್ಟ ಮಕ್ಕಳು. ಕೆಲವರಿಗೆ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಆಮೇಲೆ ಕೊಟ್ಟರು. ಉಳಿದವರಿಗೆ ಏನೂ ಕೊಡಲಿಲ್ಲ. ಕೆಲವು ದಿನ ಕಳೆದು ನೋಡಿದರೆ, ಬಿಡುವಿನಲ್ಲಿ ಮೊದಲ ಗುಂಪಿನವರು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರ ಸುಮಾರು ಅರ್ಧದಷ್ಟೇ ಇತ್ತು. ಎರಡನೇ ಗುಂಪಿಗೆ ಏನೂ ತೊಂದರೆ ಆಗಿರಲಿಲ್ಲ. ಮೆಚ್ಚುಗೆ ತಪ್ಪಲ್ಲ. ಮೊದಲೇ ಆಸೆ ತೋರಿಸಿ ಮಾಡಿಸಿದರೆ ಮಗುವಿನ ಸ್ವಂತ ಖುಷಿಗೆ ಪೆಟ್ಟು ಬೀಳುತ್ತದೆ. ಮಾದರಿಯ ಹೊಳಪಿಗೆ ಅಂಕ ಕೊಡುವ ಶಾಲೆಗಳು ಇದನ್ನು ದಯವಿಟ್ಟು ಗಮನಿಸಬೇಕು. ಅಲ್ಲಿ ಗೆಲ್ಲುವುದು ಯಾರ ಮನೆಯಲ್ಲಿ ಹಣ, ಬಿಡುವು ಇದೆಯೋ ಅವರು.

ಆ ತಾಯಿಯಂಥವರಲ್ಲಿ ನನ್ನದೊಂದು ಕೋರಿಕೆ. ಮಗು ಮಾಡಿದ್ದು ಸೊಟ್ಟಗಿದ್ದರೆ ಸೊಟ್ಟಗೇ ಕಳಿಸಿ. ಪೂರ್ತಿ ಆಗದಿದ್ದರೆ ಅರ್ಧವನ್ನೇ ಕಳಿಸಿ. ‘ಇದು ನಿನಗೆ ಹೇಗೆ ಗೊತ್ತಾಯ್ತು?’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ.

ಶಾಲೆಗಳಲ್ಲಿ ಕೇಳುವುದು ಇದಕ್ಕಿಂತ ದೊಡ್ಡದು. ಪ್ರಾಜೆಕ್ಟನ್ನು ಮನೆಗೆ ಕಳಿಸಬೇಡಿ, ಶಾಲೆಯ ಹೊತ್ತಿನಲ್ಲೇ ಮಾಡಿಸಿ. ಅದಕ್ಕೆ ವೇಳಾಪಟ್ಟಿಯಲ್ಲಿ ವಾರಕ್ಕೊಮ್ಮೆಯಾದರೂ ಒಟ್ಟಿಗೆ ಎರಡು ಪೀರಿಯಡ್ ಕೊಡಿ. ಶಿಕ್ಷಕರಿಗೆ ಮೊದಲೇ ಯೋಚಿಸಿ ಸಿದ್ಧವಾಗಲು ಬಿಡುವು ಕೊಡಿ. ಇಂಥ ತರಗತಿಗೆ ತಯಾರಿ ಕಮ್ಮಿ ಸಾಕು ಅನ್ನುವುದು ತಪ್ಪು ತಿಳಿವಳಿಕೆ, ಜಾಸ್ತಿಯೇ ಬೇಕು. ಈಗಿನ ಒಂದು ಪೀರಿಯಡ್ 40 ನಿಮಿಷದ್ದು. ಬಾಟಲಿ ತುಂಬುವಷ್ಟರಲ್ಲಿ ಗಂಟೆ ಹೊಡೆಯುತ್ತದೆ, ಮಕ್ಕಳು ಅಳತೆ ಬರೆದುಕೊಳ್ಳುವ ಮೊದಲೇ ಎದ್ದು ಹೋಗಬೇಕಾಗುತ್ತದೆ.

ಇಂತಿ,
ಒಬ್ಬ ಗಣಿತ ಶಿಕ್ಷಕಿ