ಸೋತ ಮೆಂಬರ್ರಿಗೆ, ಬಂದರಿನಿಂದ

ಪ್ರೀತಿಯ ಮೆಂಬರ್ರೇ,

ಎರಡು ತಿಂಗಳಿಂದ ಫೋನಿಗೆ ಸಿಗದೆ ತಪ್ಪಿಸಿಕೊಂಡವ ಈಗ ನಾಲ್ಕು ಜನರ ಎದುರು ಪತ್ರ ಬರೆಯುತ್ತಿದ್ದಾನೆ, ಇವನಿಗೆ ಎಂಥ ಬಂತು ಅಂತ ನೀನು ಬೈಯುವುದು ಇಲ್ಲಿಗೇ ಕೇಳಿಸುತ್ತದೆ. ಎದುರು ಸಿಕ್ಕಿದರೆ ನೀನು ಏನಾದರೂ ಹೇಳಿ ನಗಿಸಿಬಿಡುತ್ತಿ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಈ ದಾರಿ. ಉಳಿದವರೂ ಓದಲಿ. ಮೂರನೇ ಪರೋಟದ ವಿಷಯ ಮಾತ್ರ ನಾನು ಬಾಯಿ ಬಿಡುವುದಿಲ್ಲ, ಧೈರ್ಯವಾಗಿರು.

ಮೊನ್ನೆ ಊರಿಗೆ ಬಂದವ ಸುಮ್ಮನೆ ಮಂಗಳೂರಿನ ಹಳೆ ಬಂದರಿನ ಕಡೆ ಹೋಗಿದ್ದೆ. ಲಕ್ಷದ್ವೀಪಕ್ಕೆ ಹೊರಟ ಮಂಜಿಗೆ, ಅದೇ ಸಾಮಾನು ಸಾಗಿಸುವ ಹಡಗಿಗೆ, ಲೋಡ್ ಆಗುತ್ತಿತ್ತು. ಸಿಮೆಂಟು, ಜಲ್ಲಿ, ನೀರುಳ್ಳಿ ಗೋಣಿ, ಬಾಳೆಗೊನೆ, ಎಲ್ಲದರ ಮೇಲೆ ಪ್ಲಾಸ್ಟಿಕ್ ಕುರ್ಚಿಗಳ ಒಂದು ಅಟ್ಟಿ. ಹವಳದ ನೆಲದಲ್ಲಿ ಮನೆ ಕಟ್ಟಲು ಜಲ್ಲಿಯೂ ಇಲ್ಲಿಂದಲೇ ಹೋಗಬೇಕಲ್ಲ. ಪಕ್ಕದಲ್ಲಿ ಒಬ್ಬರು ವಯಸ್ಸಾದವರು ಗೋಣಿ ಲೆಕ್ಕ ಮಾಡುತ್ತ ನಿಂತಿದ್ದರು. ಯಾವ ದ್ವೀಪ ಅಂತ ಕೇಳಿದೆ. ಆಂಡ್ರೋತ್ ಅಂದರು. ನನ್ನ ಬಾಯಿ ಸುಮ್ಮನಿರುತ್ತದಾ? "ಸಯೀದರ ಊರಲ್ಲವಾ ಕಾಕಾ?" ಅಂದೆ. ಅವರು ಗೋಣಿಯಿಂದ ಕಣ್ಣು ತೆಗೆಯದೆ ಒಂದೇ ಮಾತು ಹೇಳಿದರು: "71."

ಅಷ್ಟೇ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಪಿ.ಎಂ. ಸಯೀದ್ ನಿನಗೆ ನೆನಪಿರಬೇಕು. ಟಿವಿಯಲ್ಲಿ ಲೋಕಸಭೆ ತೋರಿಸುವಾಗ ಪೀಠದಲ್ಲಿ ಕೂತಿರುತ್ತಿದ್ದರು. ಸ್ಪೀಕರ್ ಬಾಲಯೋಗಿ 2002ರಲ್ಲಿ ಹೆಲಿಕಾಪ್ಟರ್ ಬಿದ್ದು ತೀರಿಕೊಂಡ ಮೇಲೆ ಹೊಸಬರು ಬರುವ ತನಕ ಸದನ ನಡೆಸಿದ್ದು ಡೆಪ್ಯುಟಿ ಸ್ಪೀಕರ್ ಆಗಿದ್ದ ಇವರೇ. ಆದರೆ ಬಿ.ಕಾಂ. ಓದಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಅಂತ ನಿನಗೆ ಗೊತ್ತಿತ್ತಾ? ನನಗೆ ಗೊತ್ತಿರಲಿಲ್ಲ. ಮತ್ತೆ ಬೊಂಬಾಯಿಗೆ ಹೋಗಿ ಕಾನೂನು ಓದಿದರಂತೆ. ದ್ವೀಪದವರಿಗೆ ಮಂಗಳೂರು ಪರವೂರೇನಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಎಲ್ಲ 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆಂಡ್ರೋತ್ ಮಲಬಾರಿನ ಕಡೆಯದು, ಆದರೂ ಮಂಜಿಗೆ ಜಿಲ್ಲೆಯ ಗಡಿ ತಿಳಿಯುತ್ತದಾ?

ಇದನ್ನು ಕೇಳು. 1967ರ ತನಕ ಲಕ್ಷದ್ವೀಪದವರಿಗೆ ತಮ್ಮ ಸಂಸದನನ್ನು ಆರಿಸುವ ವೋಟೇ ಇರಲಿಲ್ಲ. ರಾಷ್ಟ್ರಪತಿಗಳು ಒಬ್ಬರನ್ನು ನೇಮಿಸುತ್ತಿದ್ದರು. ಮೊದಲ ಸಲ ಜನ ವೋಟು ಹಾಕಿದಾಗ ಗೆದ್ದದ್ದು ಈ ಹುಡುಗ. ಹುಟ್ಟಿದ್ದು 1941ರಲ್ಲಿ, ಅಂದರೆ ಚುನಾವಣೆಗೆ ನಿಲ್ಲುವ ವಯಸ್ಸು ಆಗಷ್ಟೇ ಆಗಿತ್ತು. ಯಾವ ಪಕ್ಷವೂ ಇಲ್ಲದೆ ಪಕ್ಷೇತರನಾಗಿ ನಿಂತಿದ್ದ. 1971ರಲ್ಲಿ ಎದುರಿಗೆ ಯಾರೂ ನಿಲ್ಲಲೇ ಇಲ್ಲ, ಅವಿರೋಧ. ಅಲ್ಲಿಂದ 1999ರ ತನಕ ಒಂದೂ ತಪ್ಪದೆ ಒಟ್ಟು 10 ಸಲ. ದೆಹಲಿಯಲ್ಲಿ ಎಷ್ಟು ಪ್ರಧಾನಿಗಳು ಬಂದು ಹೋದರು, ಲೆಕ್ಕ ಹಾಕು. ಆ ದ್ವೀಪಗಳಲ್ಲಿ ಸಂಸದ ಅಂದರೆ ಸಯೀದ್ ಅನ್ನುವುದಷ್ಟೇ ಗೊತ್ತಿದ್ದ ಒಂದು ತಲೆಮಾರೇ ಬೆಳೆದು ಮುದಿಯಾಗಲು ಶುರುವಾಗಿತ್ತು.

2004ರಲ್ಲಿ ಸೋತರು. 15,597ಕ್ಕೆ 15,526, ಅಂತರ 71 ವೋಟು. ಆ ಕಾಕಾ ಹೇಳಿದ್ದು ಅದನ್ನೇ.

ಬೇರೆ ಕಡೆ ಆಗಿದ್ದರೆ 71 ಒಂದು ಅಂಕಿ ಮಾತ್ರ. ಅಲ್ಲಿ ಹಾಗಲ್ಲ ಮಾರಾಯ. ಜನ ಇರುವ ದ್ವೀಪಗಳೇ 10, ಎಲ್ಲ ದ್ವೀಪ ಸೇರಿಸಿದರೂ ನೆಲ 32 ಚದರ ಕಿಲೋಮೀಟರ್. ಎಲ್ಲರಿಗಿಂತ ದೊಡ್ಡದಾದ ಆಂಡ್ರೋತೇ 5 ಚದರ ಕಿಲೋಮೀಟರ್ ಒಳಗೆ. ನಮ್ಮ ಅಳಿಯಕಟ್ಟಿನ ಹಾಗೆ ಅಲ್ಲೂ ತಾಯಿ ಕಡೆಯಿಂದ ಬರುವ ತರವಾಡು ಅಂದರೆ ಮನೆತನ, ಎಲ್ಲರೂ ಎಲ್ಲರಿಗೂ ಏನೋ ಒಂದು ಆಗಬೇಕು. 71 ಅಂದರೆ ಒಂದು ತರವಾಡಿನ ಮದುವೆಗೂ ಸಾಲದಷ್ಟು ಜನ. ಸೋತವರು ಮರುದಿನ ಮಸೀದಿಗೆ ಹೋದರೆ, ಜೆಟ್ಟಿಯಲ್ಲಿ ಹಡಗಿಗೆ ಕಾದರೆ, ಆ ಮುಖಗಳು ಅಲ್ಲೇ ಇರುತ್ತವೆ. ನಗುತ್ತಲೂ ಇರಬಹುದು.

ಕತೆ ಅಲ್ಲಿಗೆ ನಿಲ್ಲಲಿಲ್ಲ. ಸೋತವರನ್ನು ಕೇಂದ್ರದಲ್ಲಿ ವಿದ್ಯುತ್ ಮಂತ್ರಿ ಮಾಡಿದರು, ದೆಹಲಿಯಿಂದ ರಾಜ್ಯಸಭೆಗೆ ಕಳಿಸಿದರು. ಹಡಗಿನಲ್ಲಿ ಡೀಸೆಲ್ ಬಂದರೆ ಬಲ್ಬು ಉರಿಯುವ ಊರಿನವರ ಕೈಗೆ ಇಡೀ ದೇಶದ ಕರೆಂಟು! 2005ರ ಡಿಸೆಂಬರ್ 18ರಂದು ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ತೀರಿಕೊಂಡರು. 64 ವರ್ಷ. ಮಗ ಹಮ್ದುಲ್ಲಾ 2009ರಲ್ಲಿ ಗೆದ್ದರು, ಮತ್ತೆ ಎರಡು ಸಲ ಸೋತರು, 2024ರಲ್ಲಿ ಪುನಃ ಗೆದ್ದರು. ಮಗನ ಕತೆ ಇನ್ನೊಮ್ಮೆ.

ನನ್ನ ತಲೆಯಲ್ಲಿ ಉಳಿದದ್ದು ಆ 71. ನಾನು ಅವರಲ್ಲಿ ಒಬ್ಬನಾಗಿದ್ದರೆ ಏನು ಹೇಳಿಕೊಳ್ಳುತ್ತಿದ್ದೆ? "ನನ್ನ ಒಂದು ವೋಟಿನಿಂದ ಅವರೇನೂ ಸೋಲಲಿಲ್ಲ." ಲೆಕ್ಕ ಸರಿ. ಆ ಕಡೆ ಹೋದ ಪ್ರತಿಯೊಬ್ಬನೂ ಹೇಳಬಹುದು, ಪ್ರತಿಯೊಬ್ಬನದ್ದೂ ಸರಿಯೇ.

ಈ ಲೆಕ್ಕ ನನಗೆ ಹೊಸತಲ್ಲ.

2020ರ ಡಿಸೆಂಬರ್. ಪಂಚಾಯತ್ ಎಲೆಕ್ಷನ್. ನಿನ್ನ ಗುರುತು ಆಟೋರಿಕ್ಷಾ. ಬೆಂಗಳೂರಿನಿಂದ ಒಂದು ವೋಟಿಗೋಸ್ಕರ ಸ್ಲೀಪರ್ ಬಸ್ಸಿನ ಟಿಕೆಟ್ ನೀನೇ ತೆಗೆದು ನನ್ನನ್ನು ಕರೆಸಿದೆ. ಬೆಳಿಗ್ಗೆ ಹೋಗಿ ಸಾಲಿನಲ್ಲಿ ನಿಂತೆ. ಒಳಗೆ ಹೋದೆ. ಕಾಗದ ಬಿಡಿಸಿದೆ. ಸೀಲು ಕೈಯಲ್ಲಿತ್ತು. ಆಗ ಎಲ್ಲಿಂದ ಬಂತೋ ಗೊತ್ತಿಲ್ಲ, ನೀನು ಗೆದ್ದರೆ ಅಂಗಡಿ ಜಗಲಿಯಲ್ಲಿ ಕೂತವರೆಲ್ಲ ನಿನಗೆ ಎದ್ದು ನಿಲ್ಲುತ್ತಾರೆ ಅನ್ನುವ ಒಂದು ಚಿತ್ರ ಕಣ್ಣಿಗೆ ಬಂತು. ಎಂಟನೇ ಕ್ಲಾಸಿನಲ್ಲಿ ನನ್ನ ಲೆಕ್ಕ ನೋಡಿ ಬರೆದವನಿಗೆ. ನಾನು ಊರಿಗೆ ಬಂದರೆ ನೀನು ಬಿಡುವು ನೋಡಿ ಸಿಗಬೇಕು. ನಿನ್ನ ಎದುರಾಳಿಗೆ ಒತ್ತುವಷ್ಟು ಧೈರ್ಯ ನನಗೆಲ್ಲಿಂದ ಬರಬೇಕು? ಎರಡು ಚಿತ್ರಗಳ ನಡುವೆ, ಸರಿಯಾಗಿ ಗೆರೆಯ ಮೇಲೆ ಒತ್ತಿ ಮಡಚಿ ಹಾಕಿದೆ.

ನೀನು ಸೋತದ್ದು 3 ವೋಟಿನಿಂದ. ಎಣಿಕೆ ಆದ ರಾತ್ರಿ ಚಾ ಕುಡಿಯುತ್ತ, "ಯಾವ ಹೆಡ್ಡ ಗೆರೆ ಮೇಲೆ ಒತ್ತಿದ್ದಾನೋ, ಅವನ ಕೈ ಮುರಿಯ" ಅಂತ ಎಲ್ಲರಿಗಿಂತ ಜೋರಾಗಿ ಬೈದವ ನಾನೇ. ನಿನಗೆ "ಮೆಂಬರ್ರೇ" ಅಂತ ಹೆಸರಿಟ್ಟದ್ದೂ ಆ ರಾತ್ರಿಯೇ. ನೀನು ನಕ್ಕಿದ್ದಿ.

ನನ್ನದು ಸರಿಯಾಗಿ ಬಿದ್ದಿದ್ದರೂ ನೀನು 2ರಿಂದ ಸೋಲುತ್ತಿದ್ದೆ. ಅಂದಿನಿಂದ ಈ ಕಳೆಯುವ ಲೆಕ್ಕ ಎಷ್ಟು ಸಲ ಮಾಡಿದ್ದೇನೆ ಅಂತ ಹೇಳಿದರೆ ನಿನಗೆ ನಗು ಬಂದೀತು. ಒಂದು ಸಲವೂ ಉತ್ತರ ತಪ್ಪಿಲ್ಲ. ಆದರೂ ಪುನಃ ಮಾಡುತ್ತೇನೆ.

ಇಷ್ಟು ಬರೆಯಬೇಕು ಅಂತ ಕೂತದ್ದಲ್ಲ. ಬಂದರು, ಮಂಜಿ, ಸಯೀದರ ಕತೆ ಹೇಳಿ ಗಂಭೀರವಾಗಿ ಮುಗಿಸಿ ನಾಲ್ಕು ಜನರಿಂದ ಭೇಷ್ ಅನಿಸಿಕೊಳ್ಳುವ ಅಂದಾಜಿತ್ತು. ಈಗ ನೋಡಿದರೆ ಅಂಗಳದಲ್ಲಿ ಜಾರಿ ಬಿದ್ದ ಹಾಗೆ ಆಯಿತು, ಅದೂ ನೆಂಟರು ತುಂಬಿದ ಹೊತ್ತಿಗೆ. ಇರಲಿ. ಬಸ್ ಟಿಕೆಟಿನ ದುಡ್ಡು ಕಳಿಸುತ್ತೇನೆ, ಬಡ್ಡಿ ಕೇಳಬೇಡ. ಮುಂದಿನ ಸಲ ನಿಲ್ಲುವುದಾದರೆ ಟಿಕೆಟ್ ನಾನೇ ತೆಗೆಯುತ್ತೇನೆ. ಬೂತಿನ ಒಳಗೆ ನನ್ನ ಜೊತೆ ಒಬ್ಬರನ್ನು ಕಳಿಸಲು ಕಾನೂನಿನಲ್ಲಿ ದಾರಿ ಉಂಟಾ ಅಂತ ವಿಚಾರಿಸು. ಕನ್ನಡಕ ಮರೆತಿದ್ದೇನೆ ಅಂತ ಹೇಳಿದರೆ ಬಿಟ್ಟಾರು.

ಬೈಯುವುದಿದ್ದರೆ ಫೋನಿನಲ್ಲೇ ಬೈ. ಈ ಸಲ ಎತ್ತುತ್ತೇನೆ. ಅಮ್ಮನಿಗೆ ಮಾತ್ರ ಇದನ್ನು ಓದಿ ಹೇಳಬೇಡ ಮಾರಾಯ. ವೋಟು ಹಾಕಿ ಬಂದ ಮೇಲೆ ಅವರು ನನಗೆ ಬಡಿಸಿದ ನೀರುದೋಸೆ 14.

ನಿನ್ನ,
ಎಂಟನೇ ಕ್ಲಾಸಿನ ಲೆಕ್ಕದವ